ಎದುರುಬದುರಿನ ಎರಡು ನೌಕೆಗಳ ಲೆಕ್ಕ: 1.8 ಬರಬೇಕಾದಲ್ಲಿ 2.66 ನಿಮಿಷ ಬರುತ್ತಿದೆ

ಬಿಎಸ್ಸಿ_ಹುಡುಗಿ:
ನಮಸ್ಕಾರ. ಭೂಮಿಯಿಂದ ನೋಡಿದರೆ ನೌಕೆ ಎ ಬಲಕ್ಕೆ 0.8 ಸಿ, ನೌಕೆ ಬಿ ಎಡಕ್ಕೆ 0.6 ಸಿ ವೇಗದಲ್ಲಿ ಎದುರುಬದುರು ಬರುತ್ತಿವೆ (ಸಿ ಅಂದರೆ ಬೆಳಕಿನ ವೇಗ). ಭೂಮಿಯ ಗಡಿಯಾರ ಸೊನ್ನೆ ತೋರಿಸುವಾಗ ಅಂತರ 4.2 ಬೆಳಕು-ನಿಮಿಷ (ಬೆಳಕು ಒಂದು ನಿಮಿಷದಲ್ಲಿ ಸಾಗುವ ದೂರ ಒಂದು ಬೆಳಕು-ನಿಮಿಷ). ಆಗ ಎ ಗಡಿಯಾರವೂ ಸೊನ್ನೆ. ಎರಡೂ ಸಂಧಿಸುವಾಗ ಎ ಗಡಿಯಾರ ಎಷ್ಟು ತೋರಿಸುತ್ತದೆ?

ಭೂಮಿಯ ಲೆಕ್ಕದಲ್ಲಿ 4.2 ÷ 1.4 = 3 ನಿಮಿಷ. ಎ ವೇಗಕ್ಕೆ ಗಾಮಾ (ಓಡುವ ಗಡಿಯಾರ ಎಷ್ಟು ಪಟ್ಟು ನಿಧಾನ ಎನ್ನುವ ಸಂಖ್ಯೆ) 5/3, ಹಾಗಾಗಿ ಎ ಗಡಿಯಾರದಲ್ಲಿ 1.8. ಕೊಟ್ಟಿರುವ ಉತ್ತರವೂ ಅದೇ. ಆದರೆ ಎ ಫ್ರೇಮಿನಲ್ಲಿ (ಎ ನಿಂತಿದೆ ಎಂದುಕೊಂಡು ಅದರ ಅಳತೆಯಲ್ಲಿ) ಮಾಡಿದರೆ ಅಂತರ ಕುಗ್ಗಿ 2.52 ಆಗುತ್ತದೆ. ಸಾಪೇಕ್ಷ ವೇಗ 1.4 ÷ (1 + 0.8 × 0.6) = 1.4 ÷ 1.48, ಅಂದರೆ 0.946 ಸಿ. ಭಾಗಿಸಿದರೆ 2.66! ಮೊದಲು 1.4 ಸಿ ಬಳಸಿದ್ದೇ ತಪ್ಪಾ?

ಕಾಫಿಪುಡಿ:
1.4 ಸಿ ತಪ್ಪಲ್ಲ. ಅದು ಯಾವ ವಸ್ತುವಿನ ವೇಗವೂ ಅಲ್ಲ, ಭೂಮಿಯವರ ಅಳತೆಯಲ್ಲಿ ನಡುವಿನ ಅಂತರ ಕಡಿಮೆಯಾಗುವ ದರ ಅಷ್ಟೇ. ಅದು 2 ಸಿ ಹತ್ತಿರದವರೆಗೂ ಹೋಗಬಹುದು. ಎ ಮೇಲೆ ಕೂತವರು ಬಿಯ ವೇಗ ಅಳೆದಾಗ ಮಾತ್ರ 0.946 ಸಿ.

ಗಾಮಾ_ಗೌಡ:
ಎಡವಟ್ಟು ಆ 2.52ರಲ್ಲಿ ಇದೆ ಮೇಡಂ. ಉದ್ದವನ್ನು ಸುಮ್ನೆ ಗಾಮಾದಿಂದ ಭಾಗಿಸಬೇಕಾದರೆ ಅದರ ಎರಡೂ ತುದಿ ಭೂಮಿಯ ಫ್ರೇಮಿನಲ್ಲಿ ನಿಂತಿರಬೇಕು. ಇಲ್ಲಿ ಎರಡೂ ತುದಿ ಓಡುತ್ತಿವೆ ಅಲ್ವಾ? "ಸೊನ್ನೆ ಹೊತ್ತಿಗೆ ಬಿ ಅಲ್ಲಿತ್ತು" ಅನ್ನುವುದು ಭೂಮಿಯವರ ಮಾತು. ಎ ಅದನ್ನು ಒಪ್ಪುವುದಿಲ್ಲ.

ಆ ಘಟನೆಯನ್ನೇ ಲಾರೆಂಟ್ಸ್ ಸೂತ್ರಕ್ಕೆ (ಒಂದು ಫ್ರೇಮಿನ ದೂರ, ಕಾಲವನ್ನು ಇನ್ನೊಂದಕ್ಕೆ ಬದಲಿಸುವ ಸೂತ್ರ) ಹಾಕಿ. ಭೂಮಿಗೆ ದೂರ 4.2, ಕಾಲ 0. ಎ ಫ್ರೇಮಿನಲ್ಲಿ ದೂರ 5/3 × 4.2 = 7 ಬೆಳಕು-ನಿಮಿಷ. ಕಾಲ 5/3 × (0 − 0.8 × 4.2) = −5.6 ನಿಮಿಷ. ಆ ಮೈನಸ್ ನೋಡಿ ಗಾಬರಿ ಬೇಡ. ಎ ಗಡಿಯಾರ ಸೊನ್ನೆ ಮುಟ್ಟುವ 5.6 ನಿಮಿಷ ಮೊದಲೇ ಬಿ ಆ ಜಾಗದಿಂದ ಹೊರಟಾಗಿದೆ. ವೇಗ 1.4/1.48, ಅಂದರೆ 35/37. ಏಳು ಬೆಳಕು-ನಿಮಿಷ ದಾಟಲು 7 × 37/35 = 7.4 ನಿಮಿಷ ಬೇಕು. 7.4 − 5.6 = 1.8.

ಇಂಥ ಲೆಕ್ಕಗಳಲ್ಲಿ ಬಹುಪಾಲು ಜನ ಕಾಲ ಹಿಗ್ಗುವುದು, ಉದ್ದ ಕುಗ್ಗುವುದು ಎರಡನ್ನೂ ನೆನಪಿಟ್ಟು, ಏಕಕಾಲಿಕತೆಯನ್ನು (ಒಬ್ಬರಿಗೆ ಒಂದೇ ಹೊತ್ತಿಗೆ ನಡೆದದ್ದು ಇನ್ನೊಬ್ಬರಿಗೆ ಹಾಗಿರದು ಎನ್ನುವುದನ್ನು) ಬಿಟ್ಟುಬಿಡುತ್ತಾರೆ. ನನ್ನ ಕೇಳಿದರೆ ಶಾರ್ಟ್‌ಕಟ್ಟಿಗಿಂತ ಘಟನೆಗಳ ಪಟ್ಟಿ ಬರೆದುಕೊಳ್ಳುವುದೇ ವಾಸಿ.

ಬಿಎಸ್ಸಿ_ಹುಡುಗಿ:
ಹಾಗಿದ್ರೆ ಮ್ಯೂವಾನ್ (ಆಕಾಶದಿಂದ ಬೀಳುವ, ಬಹಳ ಬೇಗ ನಶಿಸುವ ಕಣ) ಲೆಕ್ಕದಲ್ಲಿ ಬರೀ ಭಾಗಿಸಿದರೂ ಸರಿ ಬರುತ್ತದಲ್ಲ?

ಗಾಮಾ_ಗೌಡ:
ಅಲ್ಲಿ ಅಳೆಯುವ ಉದ್ದ ಭೂಮಿಗೆ ಅಂಟಿಕೊಂಡಿದೆ. ಫ್ರಿಷ್ ಮತ್ತು ಸ್ಮಿತ್ 1963ರಲ್ಲಿ ಪ್ರಕಟಿಸಿದ ಪ್ರಯೋಗ ತಗೊಳ್ಳಿ. ಅಮೆರಿಕದ ಮೌಂಟ್ ವಾಷಿಂಗ್ಟನ್ ತುದಿಯಲ್ಲಿ ಗಂಟೆಗೆ ಸುಮಾರು 563 ಮ್ಯೂವಾನ್ ಸಿಕ್ಕವು, ಸುಮಾರು 1,900 ಮೀಟರ್ ಕೆಳಗೆ ಸುಮಾರು 412. ಕಾಲ ಹಿಗ್ಗದಿದ್ದರೆ ಕೆಳಗೆ 27ರಷ್ಟು ಮಾತ್ರ ಉಳಿಯಬೇಕಿತ್ತು. ಮೇಲೆ, ಕೆಳಗೆ ಅಳೆದ ಎರಡೂ ಜಾಗ ಭೂಮಿಯ ಮೇಲೆ ನಿಂತಿವೆ. ಹಾಗಾಗಿ ಮ್ಯೂವಾನಿನ ಕಡೆಯಿಂದ ಆ ಎತ್ತರ ಸುಮಾರು 200 ಮೀಟರಿಗೆ ಕುಗ್ಗುತ್ತದೆ ಎಂದು ನೇರವಾಗಿ ಹೇಳಬಹುದು. ನಿಮ್ಮ ಬಿ ನೌಕೆ ಬೆಟ್ಟದ ಹಾಗೆ ನಿಂತಿಲ್ಲ.

ಬಿಎಸ್ಸಿ_ಹುಡುಗಿ:
ಬಿ ಗಡಿಯಾರವೂ ಆಗ ಸೊನ್ನೆ ಎಂದಿಟ್ಟುಕೊಂಡು ಬಿ ಕಡೆಯಿಂದಲೂ ಮಾಡಿ ನೋಡಿದೆ. ಗಾಮಾ 1.25. ದೂರ 5.25, ಕಾಲ −3.15. 5.25 × 37/35 = 5.55. ಅದರಲ್ಲಿ 3.15 ಕಳೆದರೆ 2.4. ಭೂಮಿಯ 3 ನಿಮಿಷವನ್ನು 1.25ರಿಂದ ಭಾಗಿಸಿದರೂ 2.4. ಥ್ಯಾಂಕ್ಸ್ ಸರ್!