ಎಳೆಯ ಬ್ಯಾಕಪ್‌ಗಳನ್ನ (ಬದಲಿ ಆಟಗಾರರನ್ನ) ಏನು ನೋಡಿ ಅಳೆಯಬೇಕು? ಪ್ಯಾಕರ್ಸ್ 2024ರ ಲೆಕ್ಕ

ನಾಲ್ಕನೇ ಡೌನ್:
2024ರ ಆಗಸ್ಟ್ ಕೊನೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ NFLನ ಗ್ರೀನ್ ಬೇ ಪ್ಯಾಕರ್ಸ್ ತಂಡ ಮಾಡಿದ್ದು ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಜೋರ್ಡನ್ ಲವ್ ಹಿಂದೆ ಇಬ್ಬರು ಎಳೆಯರು ಇದ್ರು. 2023ರ ಡ್ರಾಫ್ಟ್‌ನ (ಹೊಸ ಆಟಗಾರರನ್ನ ತಂಡಗಳು ಸರದಿಯಲ್ಲಿ ಆರಿಸೋದು) ಐದನೇ ಸುತ್ತಿನ ಶಾನ್ ಕ್ಲಿಫರ್ಡ್, 2024ರ ಏಳನೇ ಸುತ್ತಿನ ಮೈಕಲ್ ಪ್ರ್ಯಾಟ್. ಬೇಸಿಗೆ ಪೂರ್ತಿ ಇವರಿಬ್ಬರನ್ನೇ ತಿದ್ದಿ ತೀಡಿ, ರೋಸ್ಟರ್ (ತಂಡದ ಪಟ್ಟಿ) ಇಳಿಸೋ ಹಿಂದಿನ ದಿನ ಟೆನೆಸಿ ಟೈಟನ್ಸ್‌ಗೆ ಡ್ರಾಫ್ಟ್‌ನ ಒಂದು ಏಳನೇ ಸುತ್ತಿನ ಪಿಕ್ (ಆರಿಸೋ ಹಕ್ಕು) ಕೊಟ್ಟು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮಲಿಕ್ ವಿಲಿಸ್‌ನ ತಂದ್ರು. ಮಾರನೇ ದಿನ ಇಬ್ಬರು ಹುಡುಗರಿಗೂ ಬಾಗಿಲು. ವಿಲಿಸ್ ಆಮೇಲೆ ಗೆದ್ದ, ಸರಿ. ಗೆದ್ದ ಅಂದಮಾತ್ರಕ್ಕೆ ಅವತ್ತಿನ ಆಯ್ಕೆ ಸರಿ ಅನ್ನೋದಾದ್ರೆ ಅಳೆಯೋ ಕೆಲಸವೇ ಬೇಡವಲ್ಲ?

ಮಿಲ್ವಾಕಿ ಮಾವ:
ಪ್ರಿಸೀಸನ್ (ಲೀಗ್ ಶುರುವಾಗೋ ಮುಂಚಿನ ಅಭ್ಯಾಸ ಪಂದ್ಯ) ಅಂಕಿಗಳನ್ನ ಮೊದಲು ಪಕ್ಕಕ್ಕಿಡಿ. 2023ರ ಆಗಸ್ಟ್‌ನಲ್ಲಿ ಕ್ಲಿಫರ್ಡ್ ಆಡಿದ್ದಕ್ಕೆ ಇಲ್ಲಿ ನಾವೆಲ್ಲ ಕುಣಿದದ್ದೇ ಕುಣಿದದ್ದು. ಎದುರಿಗೆ ಯಾರಿದ್ರು? ಕ್ಯಾಂಪಿನಲ್ಲಿ 90 ಜನ, ಉಳಿಯೋದು 53. ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಮೈದಾನದಲ್ಲಿ ಇರೋರಲ್ಲಿ ಹೆಚ್ಚಿನವರು ಕೆಲವೇ ದಿನದಲ್ಲಿ ಕೆಲಸ ಹುಡುಕೋರು. ಡಿಫೆನ್ಸ್ ಕೋಚ್‌ಗಳೂ ತಮ್ಮ ನಿಜವಾದ ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗೋ ದಾಳಿ) ಯಾವುದನ್ನೂ ತೋರಿಸಲ್ಲ. ಅಲ್ಲಿ ಟಚ್‌ಡೌನ್ ಎಷ್ಟು ಅನ್ನೋದಕ್ಕಿಂತ ಹಡಲ್‌ನಿಂದ (ಆಟದ ಮುಂಚೆ ಗುಂಪುಗೂಡಿ ಮಾತಾಡೋದು) ಎಷ್ಟು ಬೇಗ ಹೊರಬಂದ, ಮೊದಲ ರಿಸೀವರ್‌ನ (ಪಾಸ್ ಹಿಡಿಯೋನು) ಎದುರಾಳಿ ಮುಚ್ಚಿದಾಗ ಕಣ್ಣು ಎರಡನೆಯವನ ಕಡೆ ಹೋಯ್ತಾ, ಇಲ್ಲಾ ತಾನೇ ಓಡೋಕೆ ಹೊರಟನಾ, ಅದನ್ನ ನೋಡಬೇಕು.

ಹೊಸಬ, ಬೆಂಗಳೂರು:
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಕೈಬಿಟ್ಟೋರು ಸೀದಾ ಮನೆಗಾ?

ಶಿಕಾಗೊ ಅಕ್ಕ:
ಇಲ್ಲಪ್ಪ. ಎಳೆಯ ಆಟಗಾರ ಆದ್ರೆ ವೇವರ್ಸ್ (ಕೈಬಿಟ್ಟವರ) ಪಟ್ಟಿಗೆ ಹೋಗ್ತಾನೆ. ಮಿಕ್ಕ 31 ತಂಡಗಳಲ್ಲಿ ಯಾವುದಾದ್ರೂ ಕೇಳಬಹುದು, ಹಿಂದಿನ ಸೀಸನ್‌ನಲ್ಲಿ ಹೆಚ್ಚು ಸೋತವರಿಗೆ ಮೊದಲ ಹಕ್ಕು. ಯಾರೂ ಕೇಳದಿದ್ರೆ ಹಳೇ ತಂಡವೇ ಅವನನ್ನ 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ ವಾಪಸ್ ಕರೆಯಬಹುದು. ಈ ಕೇಸಲ್ಲೇ ನೋಡು, ಪ್ರ್ಯಾಟ್‌ನ ಟ್ಯಾಂಪಾ ಬೇ ಎತ್ತಿಕೊಂಡಿತು. ಕ್ಲಿಫರ್ಡ್‌ನ ಯಾರೂ ಕೇಳಲಿಲ್ಲ, ಪ್ಯಾಕರ್ಸ್ ಪ್ರಾಕ್ಟೀಸ್ ಸ್ಕ್ವಾಡ್‌ಗೇ ಬಂದ. ಒಂದು ವರ್ಷ ಪೂರ್ತಿ ಲವ್ ಹಿಂದೆ ಕೂತಿದ್ದವನಿಗಿಂತ ಡ್ರಾಫ್ಟ್ ಕೊನೆಯಲ್ಲಿ ಬಂದ ಹೊಸಬನಿಗೆ ಹೊರಗೆ ಬೆಲೆ ಇತ್ತು. ನಾಲ್ಕನೇ ಡೌನ್ ಅವರೇ, ಅಭಿಮಾನಿಗಳು ಏನೇ ಅನ್ನಲಿ, ಮಾರ್ಕೆಟ್ ರೇಟು ಅದು.

ಧಾರವಾಡದಾಂವ:
ನಾ ಬ್ಯಾರೆ ಮಾತು ಹೇಳ್ತೀನ್ರಿ. ಸಾವೊ ಪಾಲೊದಾಗ ಈಗಲ್ಸ್ ಜೋಡಿ ಮೊದಲ ಮ್ಯಾಚು, ಕಡೀಕ ಲವ್ ಮೊಣಕಾಲಿಗೆ ಪೆಟ್ಟು. ಮುಂದಿನ ವಾರ ಕೋಲ್ಟ್ಸ್ ವಿರುದ್ಧ ವಿಲಿಸ್ ಇಳದ. ತಂಡಕ್ಕ ಬಂದು ಮೂರು ವಾರ ಸೈತ ಆಗಿದ್ದಿಲ್ಲ. 14 ಪಾಸ್ ಎಸೆದ, 12 ಮುಟ್ಟಿದವು, 122 ಯಾರ್ಡ್. 16-10 ಗೆದ್ರು. ಆದ್ರ ಅವತ್ತ ಪ್ಯಾಕರ್ಸ್ ಪಾಸ್ ಬಿಟ್ಟು ಚೆಂಡು ಹಿಡಕೊಂಡು ಎಷ್ಟು ಸಲ ಓಡಿದ್ರು ಗೊತ್ತೇನ್ರಿ? 53 ಸಲ, 261 ಯಾರ್ಡ್! ಜೋಶ್ ಜೇಕಬ್ಸ್ ಒಬ್ಬನ 32 ಸಲ ಚೆಂಡು ಹಿಡಕೊಂಡು ನುಗ್ಗಿದ. ಪರೀಕ್ಷಾ ಬರದಾಂವ ವಿಲಿಸ್ ಅಲ್ರಿ, ಕೋಚ್ ಮ್ಯಾಟ್ ಲಫ್ಲೂರ್.

ನಾಲ್ಕನೇ ಡೌನ್:
ಇದೇ ನಾನು ಹೇಳ್ತಿರೋದು! ಆ ಪ್ಲಾನ್ ಇಟ್ಕೊಂಡು ಕ್ಲಿಫರ್ಡ್ ಆಡಿದ್ರೂ ಗೆಲ್ತಿರಲಿಲ್ಲ ಅಂತ ಯಾರು ಹೇಳ್ತಾರೆ?

ಮಿಲ್ವಾಕಿ ಮಾವ:
ನಾನು ಹೇಳ್ತೀನಿ. ಆ ಓಟಗಳು ತೆರೆದುಕೊಂಡಿದ್ದೇ ವಿಲಿಸ್ ಕಾಲಿನ ಭಯದಿಂದ. ಚೆಂಡನ್ನ ಜೇಕಬ್ಸ್ ಹೊಟ್ಟೆಗೆ ಇಟ್ಟ ಹಾಗೆ ಮಾಡಿ ಇವನೇ ಎಳ್ಕೊಂಡು ಹೊರಗೆ ಓಡಬಹುದು ಅನ್ನೋ ಅನುಮಾನ ಇದ್ರೆ ಅಂಚಿನ ಡಿಫೆಂಡರ್ ಒಂದು ಹೆಜ್ಜೆ ನಿಂತೇ ನಿಲ್ತಾನೆ. ಆ ಒಂದು ಹೆಜ್ಜೇಲಿ ಜೇಕಬ್ಸ್ ದಾಟಿಬಿಡ್ತಾನೆ. ಬ್ಯಾಕಪ್ ಅಂದ್ರೆ ಲವ್‌ನ ಅಗ್ಗದ ನಕಲು ಆಗಬೇಕಿಲ್ಲ. ಎರಡು ವಾರದಲ್ಲಿ ಕಲಿಸಬಹುದಾದ ಒಂದು ಸಣ್ಣ ಪ್ಲೇಬುಕ್‌ಗೆ ಸರಿಹೊಂದೋ ಒಂದು ದೊಡ್ಡ ಗುಣ ಇದ್ರೆ ಸಾಕು. ಮುಂದಿನ ವಾರ ನ್ಯಾಶ್‌ವಿಲ್‌ನಲ್ಲಿ ತನ್ನನ್ನ ಕಳಿಸಿದ ಟೈಟನ್ಸ್ ಮೇಲೇ 202 ಯಾರ್ಡ್ ಎಸೆದು, 73 ಯಾರ್ಡ್ ಓಡಿ, 30-14 ಗೆದ್ದ.

ಧಾರವಾಡದಾಂವ:
ಆ ಮ್ಯಾಚಿನಾಗ ನಮ್ಮ ಡಿಫೆನ್ಸಿನವ್ರು ಎಂಟು ಸ್ಯಾಕ್ ಹಾಕಿದ್ದು (ಪಾಸ್ ಎಸೆಯೂ ಮುಂಚೆ ಕ್ವಾರ್ಟರ್‌ಬ್ಯಾಕ್‌ನ ಕೆಡವಿದ್ದು) ಮರ್ತ್ರಿ ಮಾವ.

ಶಿಕಾಗೊ ಅಕ್ಕ:
ಒಂದೆರಡು ಮ್ಯಾಚಿಂದ ತೀರ್ಪು ಕೊಡೋರಿಗೆ ಒಂದು ಮೈದಾನ ನೆನಪಿಸ್ತೀನಿ, ಕ್ಯಾನ್ಸಸ್ ಸಿಟಿಯ ಆರೋಹೆಡ್. 2021ರ ನವೆಂಬರ್‌ನಲ್ಲಿ ಪ್ಯಾಕರ್ಸ್‌ನ ಆಗಿನ ಕ್ವಾರ್ಟರ್‌ಬ್ಯಾಕ್ ಏರಾನ್ ರಾಜರ್ಸ್‌ಗೆ ಕೋವಿಡ್ ಆಗಿ ಲವ್ ಮೊದಲ ಸಲ ಅಲ್ಲಿ ಸ್ಟಾರ್ಟ್ ಮಾಡಿದ (ಶುರುವಿಂದಲೇ ಆಡಿದ). 13-7 ಸೋಲು, ಮೊದಲ ಸುತ್ತಿನ ಪಿಕ್ ನೀರಿಗೆ ಹೋಯ್ತು ಅಂತ ಎಷ್ಟು ಜನ ಬರೆದ್ರು! ಮುಂದಿನ ನವೆಂಬರ್‌ನಲ್ಲಿ ಅದೇ ಮೈದಾನದಲ್ಲಿ ಟೈಟನ್ಸ್ ಪರ ವಿಲಿಸ್: 16 ಪಾಸ್‌ಗೆ 5 ಮುಟ್ಟಿದವು, 80 ಯಾರ್ಡ್, ಓವರ್‌ಟೈಮ್‌ನಲ್ಲಿ ಸೋಲು. ಆ ವರ್ಷದ ಕೊನೆಗೆ ಟೈಟನ್ಸ್ ಅವನನ್ನ ಕೂರಿಸಿ, ತಂಡಕ್ಕೆ ಬಂದು ಹತ್ತು ದಿನವೂ ಆಗದ ಜೋಶುವಾ ಡಾಬ್ಸ್‌ನ ಆಡಿಸಿದ್ರು. ಲವ್‌ಗೆ ಮೂರು ವರ್ಷ ಕೂತು ಕಲಿಯೋ ಪುಣ್ಯ ಇತ್ತು. 2023ರ ಸೀಸನ್‌ನ ಪ್ಲೇಆಫ್‌ನಲ್ಲಿ ಡಲಾಸ್‌ಗೆ 48 ಪಾಯಿಂಟ್ ಹಾಕಿದ. ವಿಲಿಸ್‌ಗೆ ಆ ಪುಣ್ಯ ಇರಲಿಲ್ಲ ಅಷ್ಟೇ.

ಹೊಸಬ, ಬೆಂಗಳೂರು:
ಬರೀ ಕ್ವಾರ್ಟರ್‌ಬ್ಯಾಕ್ ಕಥೆ ಆಯ್ತಲ್ಲ. ಮಿಕ್ಕ ಜಾಗದ ಬ್ಯಾಕಪ್‌ಗಳು? ನಮ್ಮ ಕ್ರಿಕೆಟ್‌ನ 12ನೇ ಆಟಗಾರನ ಥರ ನೀರು ಹೊತ್ಕೊಂಡು ಇರ್ತಾರಾ?

ಧಾರವಾಡದಾಂವ:
ಅಲ್ಲೇ ಇರೋದು ತಮ್ಮಾ ಖರೇ ಪರೀಕ್ಷಾ. 53 ಮಂದಿ ಇದ್ರೂ ಮ್ಯಾಚಿನ ದಿನ ಡ್ರೆಸ್ ಹಾಕೋರು ಹೆಚ್ಚಂದ್ರ 48. ಡಿಫೆನ್ಸಿನ ಐದನೇ ಲೈನ್‌ಬ್ಯಾಕರ್, ಆರನೇ ರಿಸೀವರ್ ಆ ಪಟ್ಟಿಯೊಳಗ ಬರಬೇಕಂದ್ರ ಕಿಕಾಫ್ (ಆಟ ಶುರು ಮಾಡೋ ಒದೆತ), ಪಂಟ್ (ಚೆಂಡು ಎದುರಾಳಿಗೆ ಬಿಟ್ಟುಕೊಡೋ ಒದೆತ) ತಂಡದಾಗ ಉಪಯೋಗಕ್ಕ ಬೀಳಬೇಕು. ಅದರಾಗ 2024ರಿಂದ ಕಿಕಾಫ್ ನಿಯಮಾನೂ ಬದಲಾತು. ಒದೆಯೋನ ಬಿಟ್ಟು ಆ ತಂಡದವ್ರು ಎದುರಾಳಿಯ 40 ಯಾರ್ಡ್ ಗೆರೆ ಮ್ಯಾಲೆ ನಿಂತು, ಚೆಂಡು ನೆಲಕ್ಕ ಬಿದ್ದ ಇಲ್ಲಾ ಎದುರಾಳಿ ಮುಟ್ಟಿದ ಮ್ಯಾಲೇ ಕದಲಬೇಕು. ದೂರದಿಂದ ಗಾಳಿ ಹಂಗ ಓಡಿಬರೋ ಹುಡುಗನಿಗೆ ಮೊದಲಿದ್ದ ಕಿಮ್ಮತ್ತು ಈಗಿಲ್ಲ. ನಿಂತಲ್ಲೇ ಬ್ಲಾಕ್ ಬಿಡಿಸಿಕೊಂಡು ಹಿಡಿಯೋ ಗಟ್ಟಿ ಕೈ ಬೇಕು. ಪ್ರಿಸೀಸನ್‌ನಾಗ ನಾ ನೋಡೋದು ಇದನ್ನ. ಟಿವಿಯವ್ರು ತೋರಸೂದಿಲ್ಲ ಅದು ಬ್ಯಾರೆ.

ನಾಲ್ಕನೇ ಡೌನ್:
ಚೆನ್ನಾಗಿ ಹೇಳಿದ್ರಿ. ಆದ್ರೆ ನನ್ನ ಪ್ರಶ್ನೆ ವಿಲಿಸ್‌ನ ತಂದ ಆಗಸ್ಟ್ 26ದು. ಅವತ್ತು ಪ್ಯಾಕರ್ಸ್ ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ ಕೈಲಿ ಏನಿತ್ತು? ವಿಲಿಸ್‌ನ ಮೊದಲ ವರ್ಷ ಮೂರು ಸ್ಟಾರ್ಟ್, ಸೀಸನ್ ಪೂರ್ತಿ ಒಂದೂ ಟಚ್‌ಡೌನ್ ಪಾಸ್ ಇಲ್ಲ, ಮೂರು ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಪಾಸ್). ಇದನ್ನ ನೋಡಿ ತಗೊಂಡಿದ್ದು ಜಾಣತನವೋ ಜೂಜೋ?

ಮಿಲ್ವಾಕಿ ಮಾವ:
ಏಳನೇ ಸುತ್ತಿನ ಪಿಕ್‌ಗೆ ಜೂಜೂ ಅಗ್ಗವೇ. ಪ್ರ್ಯಾಟ್‌ಗೂ ಅಷ್ಟೇ ಖರ್ಚು ಮಾಡಿದ್ರಲ್ಲ. ಇನ್ನು "ಬರೀ ಓಡಿಸಿ ಗೆದ್ರು" ಅನ್ನೋರು ಅಕ್ಟೋಬರ್‌ನ ಜಾಕ್ಸನ್‌ವಿಲ್ ಮ್ಯಾಚ್ ಹಾಕ್ಕೊಂಡು ನೋಡಿ. ಲವ್ ಗಾಯಗೊಂಡು ಹೊರಗೆ, ಸ್ಕೋರು 27-27, ಕೊನೇ ನಿಮಿಷ. ವಿಲಿಸ್‌ನಿಂದ ಜೇಡನ್ ರೀಡ್‌ಗೆ 51 ಯಾರ್ಡ್ ಪಾಸ್, ಆಮೇಲೆ ಫೀಲ್ಡ್ ಗೋಲ್, 30-27.

ನಾಲ್ಕನೇ ಡೌನ್:
ಮಾವ, ಮತ್ತೆ ಅಕ್ಟೋಬರ್‌ಗೇ ಹೋದ್ರಲ್ಲ! ನಾನಿನ್ನೂ ಆಗಸ್ಟ್‌ನಲ್ಲೇ ಇದೀನಿ.