ಮೈಕ್ರೋವೇವ್ ಓವನಿನಲ್ಲಿ ದ್ರಾಕ್ಷಿ, ಸಿ.ಡಿ., ಹಲಸಿನ ಬೇಳೆ: ಶಾಸ್ತ್ರೋತ್ಸವಕ್ಕೆ ಯಾವುದು ಮಾಡಬಹುದು?

ಬದಿಯಡ್ಕ_ಟೀಚರ್
ಎಲ್ಲರಿಗೂ ನಮಸ್ಕಾರ. ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ (ಶಾಲಾ ವಿಜ್ಞಾನ ಮೇಳಕ್ಕೆ) ಮಕ್ಕಳು ಮೈಕ್ರೋವೇವ್ ಓವನಿನ ಪ್ರಯೋಗ ಮಾಡುತ್ತೇವೆಂದು ಹೊರಟಿದ್ದಾರೆ. ವೀಡಿಯೋ ನೋಡಿ ಬರೆದ ಪಟ್ಟಿ ಇದು: ದ್ರಾಕ್ಷಿ, ಹಳೆ ಸಿ.ಡಿ., ಸಾಬೂನು, ಬಲ್ಬು, ಹಲಸಿನ ಬೇಳೆ, ಸಿಪ್ಪೆ ಸಹಿತ ಗೇರುಬೀಜ. ಓವನ್ 20 ಲೀಟರಿನದ್ದು, 700 ವಾಟ್. ಯಾವುದು ಮಾಡಬಹುದು? ಬೇಡ ಎನ್ನುವುದಾದರೆ ಕಾರಣವೂ ಹೇಳಿ, ಬರಿ "ಬೇಡ" ಎಂದರೆ ಮಕ್ಕಳು ಕೇಳುವುದಿಲ್ಲ.

ಉಪ್ಪಳ_ಸರ್ವಿಸ್
ಟೀಚರ್, ಮೊದಲು ಗೇರುಬೀಜವನ್ನು ಪಟ್ಟಿಯಿಂದ ತೆಗೆದುಬಿಡಿ. ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಓವನಿನಲ್ಲಿ ಅದು ಬಿಸಿಯಾಗಿ ಹೊಗೆಯಾದರೆ ಕಣ್ಣು, ಗಂಟಲು ಉರಿಯುತ್ತದೆ. ಫ್ಯಾನ್ ಆ ಹೊಗೆಯನ್ನು ನೇರವಾಗಿ ಕೋಣೆಗೇ ಬಿಡುತ್ತದೆ.

ಸಿ.ಡಿ.ಯಲ್ಲಿರುವುದು ತುಂಬಾ ತೆಳು ಅಲ್ಯೂಮಿನಿಯಂ ಪದರ. ಒಂದೆರಡು ಸೆಕೆಂಡಿನಲ್ಲಿ ಕಿಡಿ ಹಾರಿ ಆ ಪದರ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಕೋಣೆಯಿಡೀ ತುಂಬುತ್ತದೆ. ಬಲ್ಬಿನ ಫಿಲಮೆಂಟ್ ಬೆಳಗುವುದು ನಿಜ, ಆದರೆ ಗಾಜು ಸಿಡಿಯುವುದು ಯಾವ ಕ್ಷಣವೆಂದು ಹೇಳಲಾಗದು. ಟ್ಯೂಬ್‌ಲೈಟ್, ಸಿ.ಎಫ್.ಎಲ್. ಅಂತೂ ಮುಟ್ಟಲೇಬೇಡಿ, ಒಳಗೆ ಪಾದರಸ ಇದೆ.

ಕಿಡಿ ಹಾರಿದರೆ ಮೊದಲು ಹಾಳಾಗುವುದು ಒಳಗೋಡೆಯ ಮೈಕಾ ಶೀಟ್, ಅಲೆಗಳು ಒಳಬರುವ ಕಿಂಡಿಯ ಮೇಲಿನ ಕಂದು ಹಾಳೆ. ಅದರ ಮೇಲೆ ಜಿಡ್ಡು ಇದ್ದರೆ ಕರಿಯಾಗಿ ತೂತು ಬೀಳುತ್ತದೆ, ಆಮೇಲೆ ಅನ್ನ ಬಿಸಿ ಮಾಡಿದರೂ ಅಲ್ಲಿಂದಲೇ ಕಿಡಿ. ಸ್ಟೀಲ್ ಪಾತ್ರೆಯ ಅಂಚು ಗೋಡೆಗೆ ತಾಗಿದರೂ ಇದೇ ಗತಿ: ಪೇಂಟ್ ಸುಟ್ಟು, ತಗಡು ತುಕ್ಕು ಹಿಡಿಯುತ್ತದೆ.

ಇನ್ನೊಂದು ಮಾತು, ಇದರಲ್ಲಿ ರಿಯಾಯಿತಿ ಇಲ್ಲ. "ಒಳಗೆ ಏನಿದೆ" ಎಂದು ತೋರಿಸಲು ಹೊರಕವಚ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ವಿದ್ಯುತ್ ಹಿಡಿದಿಡುವ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಮಂಜೇಶ್ವರ_ಮಾಷ್ಟ್ರು
ದ್ರಾಕ್ಷಿಯದ್ದು ಚಂದದ ವಿಜ್ಞಾನ, ಆದರೆ ಅದನ್ನು ಬೋರ್ಡಿನಲ್ಲಿ ವಿವರಿಸಿದರೆ ಸಾಕು. ಗಾಳಿಯಲ್ಲಿ 12.2 ಸೆಂ.ಮೀ. ಇರುವ ಮೈಕ್ರೋವೇವಿನ ಅಲೆಯುದ್ದ, ನೀರು ತುಂಬಿದ ಹಣ್ಣಿನೊಳಗೆ ಒಂದೂಕಾಲು ಸೆಂ.ಮೀ. ಆಸುಪಾಸಿಗೆ ಇಳಿಯುತ್ತದೆ. ಅದು ಹೆಚ್ಚುಕಡಿಮೆ ದ್ರಾಕ್ಷಿಯದ್ದೇ ಗಾತ್ರ. ಹಾಗಾಗಿ ಅಲೆ ಹಣ್ಣಿನೊಳಗೇ ಸಿಕ್ಕಿಕೊಳ್ಳುತ್ತದೆ, ಎರಡು ಹಣ್ಣು ತಾಗುವ ಬಿಂದುವಿನಲ್ಲಿ ಶಕ್ತಿ ಒತ್ತೊತ್ತಾಗಿ ಸೇರುತ್ತದೆ. ಅಲ್ಲಿ ಸಿಪ್ಪೆಯ ಸೋಡಿಯಂ, ಪೊಟಾಸಿಯಂ ಆವಿಯಾಗಿ ಪ್ಲಾಸ್ಮಾ, ಅಂದರೆ ವಿದ್ಯುದಾವೇಶಗೊಂಡು ಹೊಳೆಯುವ ಬಿಸಿ ಅನಿಲ, ಹುಟ್ಟುತ್ತದೆ. 2019ರಲ್ಲಿ ಕೆನಡಾದ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಪ್ಲಾಸ್ಮಾ ಮೇಲಕ್ಕೇರಿ ಓವನಿನ ಮಾಡನ್ನು ಸುಡುತ್ತದೆ, ಅದೇ ತೊಂದರೆ.

ಸಾಬೂನಿನಲ್ಲಿ ಗಾಳಿ ಬೆರೆಸಿ ಮಾಡಿದ, ನೀರಲ್ಲಿ ತೇಲುವ ಜಾತಿ ಮಾತ್ರ ನೊರೆಯಂತೆ ಉಬ್ಬುತ್ತದೆ. ನಮ್ಮ ಅಂಗಡಿಯ ಸಾಬೂನು ನೀರಲ್ಲಿ ಮುಳುಗುತ್ತದೆ, ಓವನಿನಲ್ಲಿ ಕರಗುತ್ತದೆ, ಅಷ್ಟೆ.

ಹಲಸಿನ ಬೇಳೆ ಸಿಡಿಯುವುದು ಹೊರಗಿನ ಗಟ್ಟಿ ಸಿಪ್ಪೆಯೊಳಗೆ ಹಬೆ ಸಿಕ್ಕಿಕೊಳ್ಳುವುದರಿಂದ. ಮೊಟ್ಟೆಯದ್ದೂ ಇದೇ ಕಥೆ. ಮೊಟ್ಟೆ ಇನ್ನೂ ಅಪಾಯ: ಹೊರತೆಗೆದ ಮೇಲೆ, ಕಚ್ಚುವಾಗಲೂ ಒಳಗಿನ ಹಳದಿ ಭಂಡಾರ ಸಿಡಿಯಬಹುದು. ಬೇಳೆಯ ತುದಿ ಕತ್ತರಿಸಿ, ಸ್ವಲ್ಪ ನೀರು ಹಾಕಿ, ಮುಚ್ಚಳ ಸಡಿಲವಾಗಿ ಇಟ್ಟರೆ ಸಿಡಿಯದೆ ಬೇಯುತ್ತದೆ.

ನನ್ನನ್ನು ಕೇಳಿದರೆ ಈ ಪಟ್ಟಿಯನ್ನೇ ಬಿಟ್ಟು ಹಪ್ಪಳದಿಂದ ಬೆಳಕಿನ ವೇಗ ಅಳೆಯಿರಿ. ಹಪ್ಪಳ ತಿರುಗಬಾರದು, ಹಾಗಾಗಿ ತಿರುಗುವ ಗಾಜಿನ ತಟ್ಟೆ, ರೋಲರ್ ರಿಂಗ್, ನಡುವಿನ ಪ್ಲಾಸ್ಟಿಕ್ ಕಪ್ಲರ್ ಮೂರನ್ನೂ ತೆಗೆಯಿರಿ. ತಟ್ಟೆಯನ್ನು ಕವುಚಿ ಇಟ್ಟು, ಮೇಲೆ ರಟ್ಟು, ರಟ್ಟಿನ ತುಂಬ ಹಸಿ ಹಪ್ಪಳ ಒತ್ತಾಗಿ ಜೋಡಿಸಿ. ಫುಲ್ ಪವರಿನಲ್ಲಿ 20 ಸೆಕೆಂಡು. ಅಲ್ಲಲ್ಲಿ ಬಿಳಿ ಮಚ್ಚೆಯಾಗಿ ಅರಳಿದ ಕೂಡಲೆ ನಿಲ್ಲಿಸಿ. ಪಕ್ಕಪಕ್ಕದ ಎರಡು ಮಚ್ಚೆಗಳ ನಡುಬಿಂದುಗಳ ಅಂತರ ಅರ್ಧ ಅಲೆಯುದ್ದ, ಸುಮಾರು 6.1 ಸೆಂ.ಮೀ. ಎರಡರಿಂದ ಗುಣಿಸಿ: 0.122 ಮೀಟರ್. ಓವನಿನ ಹಿಂದಿನ ಲೇಬಲ್‌ನಲ್ಲಿ 2450 ಮೆಗಾಹರ್ಟ್ಸ್ ಎಂದಿರುತ್ತದೆ, ಅಂದರೆ ಸೆಕೆಂಡಿಗೆ 245 ಕೋಟಿ ಅಲೆ. ಅಲೆಯುದ್ದವನ್ನು ಇದರಿಂದ ಗುಣಿಸಿದರೆ ಬೆಳಕಿನ ವೇಗ ಸೆಕೆಂಡಿಗೆ 29.89 ಕೋಟಿ ಮೀಟರ್, ನಿಜವಾದದ್ದು 29.98 ಕೋಟಿ.

ಇಷ್ಟು ಸರಿಯಾಗಿ ಬರುತ್ತದೆಂದು ಮಕ್ಕಳಿಗೆ ಮಾತು ಕೊಡಬೇಡಿ. ಪೆಟ್ಟಿಗೆಯೊಳಗೆ ಅಲೆಗಳು ಹಲವು ದಿಕ್ಕಿನಲ್ಲಿ ಬಡಿದು ಸೇರುವುದರಿಂದ ಅಂತರ ಹೆಚ್ಚುಕಡಿಮೆ ಆಗುತ್ತದೆ. ಹಲವು ಜೋಡಿ ಅಳೆದು ಸರಾಸರಿ ತೆಗೆಯಿರಿ, ಬಂದದ್ದನ್ನೇ ಬರೆಯಿರಿ.

ಬದಿಯಡ್ಕ_ಟೀಚರ್
ಮಾಷ್ಟ್ರೇ, ಬಹಳ ಉಪಕಾರ. ಹಲಸಿನ ಹಪ್ಪಳ ಆಗಬಹುದಾ? ಮಕ್ಕಳ ಮನೆಗಳಲ್ಲಿ ಅದೇ ಇರುವುದು.

ಉಪ್ಪಳ_ಸರ್ವಿಸ್
ಉದ್ದಿನ ಹಪ್ಪಳವೇ ಒಳ್ಳೆಯದು ಟೀಚರ್. ಹಲಸಿನದ್ದು ಕೈಯಲ್ಲಿ ಒತ್ತಿದ್ದು, ಒಂದೊಂದು ಕಡೆ ಒಂದೊಂದು ದಪ್ಪ. ಮಚ್ಚೆ ಅಲೆಯಿಂದ ಆದದ್ದೋ ತೆಳುವಾದ ಕಾರಣ ಆದದ್ದೋ ತಿಳಿಯುವುದಿಲ್ಲ. ಎಲ್ಲ ಒಂದೇ ಕಟ್ಟಿನದ್ದಾಗಿರಲಿ, ತೇವ ಸಮ ಇರುತ್ತದೆ. ಹಪ್ಪಳದಲ್ಲಿ ನೀರು ಕಡಿಮೆಯಾದ್ದರಿಂದ ಓವನ್ ಖಾಲಿ ಓಡಿದ ಹಾಗೆಯೇ, ಹೀರುವವರಿಲ್ಲದ ಶಕ್ತಿ ತಿರುಗಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿಗೇ ಹೋಗುತ್ತದೆ. ಒಂದು ಸಲಕ್ಕೆ 40 ಸೆಕೆಂಡು ದಾಟಬೇಡಿ, ಎರಡು ಪ್ರದರ್ಶನದ ನಡುವೆ ಐದು ನಿಮಿಷ ಬಿಡಿ. ತಿರುಗುವ ತಟ್ಟೆಯೇ ಇಲ್ಲದ ಹೊಸ ಮಾದರಿಯ ಓವನ್ ತರಬೇಡಿ. ಅದರಲ್ಲಿ ಒಳಗಿನ ಫ್ಯಾನ್ ಅಲೆಗಳನ್ನು ಕಲಕುತ್ತಿರುತ್ತದೆ, ಮಚ್ಚೆ ಬೀಳುವುದಿಲ್ಲ.