ಡಿಕಾಯ್ ಎಂದರೆ ಆಮಿಷವೇ, ದೀವವೇ? ಕಾಗೆ ಬೇಟೆಯ ಕೆಲವು ಪದಗಳು

ಪ್ರಶ್ನೆ: ಹೊಸದಾಗಿ ಕೋವಿ ಹಿಡಿದವರಿಗಾಗಿ ಕಾಗೆ ಬೇಟೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಕಾನೂನು ಈ ಬೇಟೆಗೆ ಒಪ್ಪಿಗೆ ಕೊಟ್ಟಿರುವ ನಾಡುಗಳ ವಿಷಯ. ಕರಡಿನಲ್ಲಿ ಡಿಕಾಯ್‌ಗೆ ‘ಆಮಿಷ’, ಬ್ಲೈಂಡ್‌ಗೆ ‘ಅಡಗುತಾಣ’, ರೇಂಜ್‌ಗೆ ‘ವ್ಯಾಪ್ತಿ’, ರೂಸ್ಟ್‌ಗೆ ‘ಗೂಡು’ ಎಂದಿದೆ. ಅರ್ಥವೇನೋ ಆಗುತ್ತದೆ, ಬೇಟೆಗಾರರ ಮಾತು ಅನ್ನಿಸುವುದಿಲ್ಲ. ಬಲ್ಲವರು ಬಳಕೆಯ ಸಂದರ್ಭ ಸಹಿತ ತಿಳಿಸಬೇಕಾಗಿ ವಿನಂತಿ.

ಉತ್ತರ: ‘ಆಮಿಷ’ ಬೇಡವೇ ಬೇಡ. ಅದು ತಿನ್ನಲು ಒಡ್ಡುವ ವಸ್ತು, ಗಾಳದ ಎರೆಹುಳುವಿನ ಹಾಗೆ. ತನ್ನ ಜಾತಿಯದನ್ನೇ ತೋರಿಸಿ ಹಕ್ಕಿಯನ್ನೋ ಮಿಗವನ್ನೋ ಹತ್ತಿರಕ್ಕೆ ಎಳೆಯುವುದಕ್ಕೆ ‘ದೀವ’ ಎಂಬ ಹಳೆಯ ಪದವಿದೆ, ‘ದೀಹ’ ಎಂದೂ ಉಂಟು. ಆಗ ಪಳಗಿಸಿದ ಜೀವಂತ ಪ್ರಾಣಿ ದೀವವಾಗಿತ್ತು, ಈಗ ಪ್ಲಾಸ್ಟಿಕ್ಕಿನದು. ಕೆಲಸ ಅದೇ ಆದ್ದರಿಂದ ಪದವೂ ಸಲ್ಲುತ್ತದೆ.

ಕಾಗೆ ಬೇಟೆಯಲ್ಲಿ ದೀವ ಎರಡು ಬಗೆ. ಇದನ್ನು ಕೈಪಿಡಿ ಬಿಡಿಸಿ ಹೇಳಲೇಬೇಕು. ‘ದೀವದ ಕಾಗೆ’ ನಂಬಿಕೆ ಹುಟ್ಟಿಸುತ್ತದೆ: 6ರಿಂದ 12 ಸಾಕು, ಕೆಲವು ನೆಲದ ಮೇಲೆ ಮೇಯುವಂತೆ, ಒಂದೆರಡು ಎತ್ತರದ ಒಣಕೊಂಬೆಯ ಮೇಲೆ ಕಾವಲು ಕೂತಂತೆ. ‘ದೀವದ ಗೂಬೆ’ ಕಾಗೆಯ ಜಾತಿಯದಲ್ಲದಿದ್ದರೂ ಹತ್ತಿರಕ್ಕೆ ಎಳೆಯುವ ಕೆಲಸ ಅದೇ, ಆದರೆ ಸಿಟ್ಟು ಎಬ್ಬಿಸಿ. ಗೂಬೆ ಕಂಡರೆ ಕಾಗೆಗಳು ಗುಂಪುಕಟ್ಟಿ ಮೇಲೆರಗುತ್ತವೆ, ಆಗ ಅವುಗಳ ಎಚ್ಚರ ಸ್ವಲ್ಪ ಸಡಿಲುತ್ತದೆ. ಅದಕ್ಕೇ ಗೂಬೆಯನ್ನು ದೂರದಿಂದ ಕಾಣುವಂತೆ ಎತ್ತರದಲ್ಲಿಟ್ಟು, ಸುತ್ತ ಎರಡು ಮೂರು ದೀವದ ಕಾಗೆಗಳನ್ನಿಡುವುದು. ಹೊಳಪಿನ ಪ್ಲಾಸ್ಟಿಕ್ ಆಗದು. ಇಬ್ಬನಿ ಕೂತ ದೀವದ ಬೆನ್ನು ಬಿಸಿಲಿಗೆ ಮಿರುಗಿದರೆ ಕಾಗೆ ಮೇಲೆಯೇ ಒಂದು ಸುತ್ತು ಹಾಕಿ ಹೊರಟುಹೋಗುತ್ತದೆ. ಒರೆಸಿ ಇಡಬೇಕು, ಇಲ್ಲವೇ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಬೇಕು.

ಬ್ಲೈಂಡ್‌ಗೆ ‘ಮರಸು’. ಮಲೆನಾಡಿನ ಬೇಟೆಗಾರರು ಮರೆಯಲ್ಲಿ ಕಾದು ಕೂರುವುದಕ್ಕೆ ‘ಮರಸಿಗೆ ಕೂರುವುದು’ ಎನ್ನುತ್ತಾರೆ. ‘ಅಡಗುತಾಣ’ ಎಂದರೆ ಪೊಲೀಸರು ಮುತ್ತಿಗೆ ಹಾಕುವ ಜಾಗ ನೆನಪಾಗುತ್ತದೆ. ಕಾಗೆಯ ಮರಸಿಗೆ ನೆರಳು ಮುಖ್ಯ, ಬೆನ್ನ ಹಿಂದೆ ತಲೆಗಿಂತ ಎತ್ತರದ ಪೊದೆ ಮುಖ್ಯ. ಮುಖ, ಕೈ ಮುಚ್ಚಿರಲೇಬೇಕು, ಕಾಗೆ ಮುಖವನ್ನು ನೆನಪಿಡುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2006ರಲ್ಲಿ ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು ಬಿಟ್ಟಿದ್ದರು. ವರ್ಷಗಳ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಕಿರುಚಿ ಬೆನ್ನಟ್ಟುತ್ತಿದ್ದವು. ಗಾಳಿ ಬೆನ್ನಿಗೋ ಪಕ್ಕಕ್ಕೋ ಬೀಸುವಂತೆ ಕೂರುವುದು ಒಳ್ಳೆಯದು, ಏಕೆಂದರೆ ಹಕ್ಕಿ ಇಳಿಯುವುದು ಗಾಳಿಗೆ ಎದುರಾಗಿ.

ಕಾಗೆಯ ಕೂಗನ್ನು ಅನುಕರಿಸಿ ಕರೆಯುವ ‘ಕಾಲ್’ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊದುವ ಸಾಧನಕ್ಕೆ ‘ಕೂಗುಪೀಪಿ’, ಅದರಿಂದ ಹೊರಡುವ ಸದ್ದಿಗೆ ‘ಕೂಗು’ ಎಂದು ಬೇರೆ ಮಾಡಿ, ಇಲ್ಲದಿದ್ದರೆ ಓದುಗರು ಎಡವುತ್ತಾರೆ. ಮೊದಲು ಬಿಡಿಬಿಡಿಯಾಗಿ ಮೂರು ನಾಲ್ಕು ‘ಕಾ’, ನಡುವೆ ಬಿಡುವು, ಉತ್ತರ ಬಂದರೆ ಜಗಳದ ಕೂಗು. ಹಕ್ಕಿ ತಿರುಗಿ ಬರತೊಡಗಿದ ಮೇಲೆ ಸುಮ್ಮನಾಗಬೇಕು. ಹೊಸಬರು ಕೆಡಿಸುವುದು ಇಲ್ಲೇ: ತಲೆಯ ಮೇಲೆ ಕಾಗೆ ಇರುವಾಗಲೂ ಊದುತ್ತಲೇ ಇರುತ್ತಾರೆ, ಅದು ಸದ್ದಿನ ಜಾಡು ಹಿಡಿದು ನೇರ ಮರಸನ್ನೇ ನೋಡುತ್ತದೆ. 20–30 ನಿಮಿಷದಲ್ಲಿ ಏನೂ ಬಾರದಿದ್ದರೆ ಜಾಗ ಬದಲಿಸುವುದೇ ಸರಿ.

ರೇಂಜ್‌ಗೆ ‘ಈಡಿನ ದೂರ’. ‘ಈಡಿಗೆ ಸಿಕ್ಕಿತು’ ಎಂದರೆ ಹೊಡೆಯುವ ದೂರಕ್ಕೆ ಬಂತು ಎಂದೇ ಅರ್ಥ. 12 ಬೋರಿನ ಕೋವಿಗೆ 6 ಅಥವಾ 7½ ನಂಬರಿನ ಚರೆಯ (ಸಣ್ಣ ಗುಂಡುಗಳ) ತೋಟಾ ಹಾಕಿದರೆ 20ರಿಂದ 35 ಮೀಟರ್ ಒಳ್ಳೆಯ ಈಡು. ಬರಿಗಣ್ಣಿಗೆ ಆಕಾಶದಲ್ಲಿ ದೂರ ತಿಳಿಯುವುದು ಕಷ್ಟ. ಆದ್ದರಿಂದ ಕೊನೆಯ ದೀವವನ್ನು ಹೆಜ್ಜೆ ಅಳೆದು 30 ಮೀಟರಿಗೆ ಇಟ್ಟು ಅದನ್ನೇ ಗಡಿ ಮಾಡಿಕೊಳ್ಳುವುದು ರೂಢಿ. ಮುಂದೆ ಒಂಟಿಯಾಗಿ ಬರುವ ಕಾಗೆಗೆ ದೂರದ ಈಡು ಹೊಡೆದು ತಪ್ಪಿಸಿದರೆ, ಅದರ ಎಚ್ಚರಿಕೆಯ ಕೂಗಿಗೆ ಹಿಂದಿನ ಗುಂಪೆಲ್ಲ ತಿರುಗಿಬಿಡುತ್ತದೆ.

ಇನ್ನು ‘ಗೂಡು’. ಇದನ್ನಂತೂ ದಯವಿಟ್ಟು ತಿದ್ದಿ. ಗೂಡು ಮೊಟ್ಟೆಯಿಡುವ ಜಾಗ. ರೂಸ್ಟ್ ಎಂದರೆ ರಾತ್ರಿ ಗುಂಪಾಗಿ ತಂಗುವ ಮರ, ‘ತಂಗುಮರ’ ಎನ್ನಬಹುದು. ಮರಸು ಹಾಕುವುದು ತಂಗುಮರಕ್ಕೂ ಮೇವಿನ ಹೊಲಕ್ಕೂ ನಡುವಿನ ಹಾರುದಾರಿಯಲ್ಲಿ, ಬೆಳಗ್ಗೆ. ತಂಗುಮರದಲ್ಲೇ ಈಡು ಹೊಡೆದರೆ ಗುಂಪು ಆ ಮರವನ್ನೇ ಬಿಟ್ಟುಹೋಗಬಹುದು. ‘ಗೂಡಿನ ದಾರಿ ಪತ್ತೆಮಾಡಿ’ ಎಂದು ಅಚ್ಚಾದರೆ ಓದಿದವರು ಮರಿ ಇರುವ ಮರ ಹುಡುಕಿಕೊಂಡು ಹೋಗುತ್ತಾರೆ. ಅಮೆರಿಕದಲ್ಲಿ ಕಾಗೆ ಬೇಟೆಗೆ ವರ್ಷಕ್ಕೆ ಹೆಚ್ಚೆಂದರೆ 124 ದಿನ, ಅದೂ ಗೂಡುಕಟ್ಟುವ ಮುಖ್ಯ ಕಾಲವನ್ನು ಬಿಟ್ಟು. ಹೀಗೆ ಆ ಒಂದು ಪದ ಓದುಗರನ್ನು ಕಾನೂನಿಗೆ ವಿರುದ್ಧವಾದ ಜಾಗಕ್ಕೇ ಕಳಿಸುತ್ತದೆ.